ಮಸಣದ ಮಗ್ಗುಲ ಸಂಸಾರ

ಗಂಭೀರ ಪ್ರಕೃತಿಯವನೆಂದೂ ಮಿತಭಾಷಿಯೆಂದೂ, ಮದುವೆ ಮುಂಜಿಗಳಲ್ಲಿ ಹಿರಿಯರ ಸಾಲಿನಲ್ಲಿ ಕುಳ್ಳಿರಿಸತಕ್ಕವನೆಂದೂ ಬಂಧುವರ್ಗದಲ್ಲಿ ಅಷ್ಟಿಷ್ಟು ಹೆಸರು ಪಡೆದಿರುವ ನಾನು, ಮನೆಮಂದಿಯೆಲ್ಲ ಮಲಗಿದ ಮೇಲೆ ನಡುಮನೆಯ ದೀಪವಾರಿಸಿ, ಕದ ಮುಂದೆಮಾಡಿ, ಮೀಸೆ ಹೊತ್ತು ಹುಟ್ಟಿದ ಹಸುಗೂಸೊಂದನ್ನು ಅದರ ಒಡಹುಟ್ಟಿದವರೇ ಶಿರಚ್ಛೇದನ ಯಂತ್ರದಡಿ ಮಲಗಿಸುವ ಚಲಚ್ಚಿತ್ರವೊಂದನ್ನು ಹಚ್ಚಿಕೊಂಡು, ಸದ್ದು ಹೊರಬೀಳದಂತೆ ಬಾಯಿಗೆ ಅಂಗವಸ್ತ್ರದ ಅಂಚನ್ನು ತುರುಕಿಕೊಂಡು ನಗುವವನೆಂಬುದು ಊರಿಗೆ ತಿಳಿಯತಕ್ಕ ಸಂಗತಿಯಲ್ಲ. ಆದರೂ ತಿಳಿದೇ ತಿಳಿಯಿತು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಹೇಳದಿದ್ದರೆ ನನಗೂ ಸಮಾಧಾನವಿಲ್ಲ. ಮೃದುಹೃದಯರಿಗಾಗಿ ಇಷ್ಟನ್ನು ಮಾತ್ರ ಇಲ್ಲಿಯೇ ತಿಳಿಸಿಬಿಡುವೆನು: ಕೂಸಿಗೆ ಏನೂ ಆಗುವುದಿಲ್ಲ. ಮೇಲಿನಿಂದ ಬೀಳುವ ಅಲಗನ್ನು ಅದು ತನ್ನ ಪುಟ್ಟ ಕೈಯಿಂದಲೇ ತಡೆದುಬಿಡುತ್ತದೆ.

ಚಿತ್ರದ ಹೆಸರು ‘ಆಡಮ್ಸ್ ಫ್ಯಾಮಿಲಿ ವ್ಯಾಲ್ಯೂಸ್’. 1991ರಲ್ಲಿ ಬಂದು ಅಮೆರಿಕೆಯೊಂದರಲ್ಲೇ 11 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿದ ‘ದಿ ಆಡಮ್ಸ್ ಫ್ಯಾಮಿಲಿ’ಯ ಎರಡನೆಯ ಭಾಗವಾಗಿ, ಅದೇ ಬ್ಯಾರಿ ಸೋನೆನ್‌ಫೆಲ್ಡ್ ಮಹಾಶಯನ ನಿರ್ದೇಶನದಲ್ಲಿ, 1993ರ ನವೆಂಬರಿನಲ್ಲಿ ತೆರೆಕಂಡದ್ದು. ಎರಡನೆಯ ಭಾಗಗಳ ವಿಷಯದಲ್ಲಿ ಲೋಕಕ್ಕೆ ಒಂದು ತಾತ್ಸಾರವುಂಟು. ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿದ ಚಿತ್ರಾನ್ನ ಅದು ಎಂಬುದು ಬಲ್ಲವರ ಮತ. ಇರಬಹುದು. ಆದರೆ ಬೆಳಗಿನ ಚಿತ್ರಾನ್ನದ ಮೇಲೆ ಕಣ್ಣಿಟ್ಟು ರಾತ್ರಿಯೇ ಒಂದು ಪಾವು ಹೆಚ್ಚಿಗೆ ಬೇಯಿಸುವ ಮನೆಗಳೂ ನಮ್ಮಲ್ಲಿವೆಯಷ್ಟೆ. ಮೊದಲನೆಯ ಚಿತ್ರ ಅಂಥ ಮುಂದಾಲೋಚನೆಯ ಅನ್ನವೇ ಹೊರತು ಬೇರೆಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಎರಡನೆಯದು ಸ್ವದೇಶದಲ್ಲಿ 5 ಕೋಟಿಯನ್ನೂ ಮುಟ್ಟಲಿಲ್ಲ. ಇದರಿಂದ ಅಮೆರಿಕನ್ನರ ಅಭಿರುಚಿ ಎಂಥದೆಂದು ತಿಳಿಯುತ್ತದೆಯೇ ವಿನಾ ಚಿತ್ರದ ಯೋಗ್ಯತೆಯಲ್ಲ.

ಈ ಮನೆತನದ ಸೃಷ್ಟಿಕರ್ತ ಚಾರ್ಲ್ಸ್ ಆಡಮ್ಸ್ ಎಂಬ ವ್ಯಂಗ್ಯಚಿತ್ರಕಾರ. 1938ರಿಂದ ಮೊದಲ್ಗೊಂಡು ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಆತ ಬರೆಯುತ್ತ ಬಂದ ಚಿತ್ರಗಳಲ್ಲಿ ಇವರಿಗೆ ಹೆಸರುಗಳೂ ಇರಲಿಲ್ಲ. 1964ರಲ್ಲಿ ಟೆಲಿವಿಷನ್ನಿಗೆ ಕರೆಬಂದಾಗಲೇ ನಾಮಕರಣವಾದದ್ದು. ಹಿರಿಯ ಹುಡುಗನಿಗೆ ಪ್ಯೂಬರ್ಟ್ ಎಂದು ಆತ ಸೂಚಿಸಿದ ಹೆಸರು ಟೆಲಿವಿಷನ್ನಿನವರ ಶೀಲಕ್ಕೆ ಒಗ್ಗದೆ, ಅವನು ಪಗ್ಸ್‌ಲೀ ಆದ. ತಿರಸ್ಕೃತವಾದ ಹೆಸರು ಮೂವತ್ತು ವರ್ಷ ಕಾದಿದ್ದು ಈ ಚಿತ್ರದ ಮೀಸೆಯ ಕೂಸಿಗೆ ಸಂದಿತು. ಆಡಮ್ಸ್ ಬರಿಯ ಕಾಗದದ ಮೇಲಿನ ಶೂರನಲ್ಲ. 1980ರಲ್ಲಿ ತನ್ನ ಮೂರನೆಯ ವಿವಾಹವನ್ನು ಸಾಕುಪ್ರಾಣಿಗಳ ಸ್ಮಶಾನವೊಂದರಲ್ಲಿ ಮಾಡಿಕೊಂಡ, ವಧು ಕಪ್ಪುಡುಗೆಯಲ್ಲಿದ್ದಳು. ಕೃತಿಗೂ ಜೀವನಕ್ಕೂ ಎತ್ತಣಿಂದೆತ್ತ ಸಂಬಂಧವೆಂದು ನಮ್ಮನ್ನು ಗದರಿಸುವ ವಿಮರ್ಶಕರು ಈ ಮದುವೆಗೆ ಹೋಗಬೇಕಾಗಿತ್ತು.

ಇನ್ನು ಚಿತ್ರದ ಹೆಸರಿನಲ್ಲಿರುವ ಕುಟುಂಬಮೌಲ್ಯಗಳ ಮಾತು. 1992ರ ಮೇ ತಿಂಗಳಿನಲ್ಲಿ ಅಮೆರಿಕೆಯ ಉಪಾಧ್ಯಕ್ಷನಾಗಿದ್ದ ಡ್ಯಾನ್ ಕ್ವೇಲ್ ಎಂಬಾತ, ಮರ್ಫಿ ಬ್ರೌನ್ ಎಂಬ ಹೆಂಗಸು ಮದುವೆಯಿಲ್ಲದೆ ಮಗುವನ್ನು ಹೆತ್ತಳೆಂದು ತುಂಬಿದ ಸಭೆಯಲ್ಲಿ ಆಕ್ಷೇಪಿಸಿದ. ಆಕೆ ಟೆಲಿವಿಷನ್ ಕಥೆಯೊಂದರ ಪಾತ್ರ; ಇಲ್ಲದ ಹೆಂಗಸು, ಹುಟ್ಟದ ಮಗು. ಆ ವರ್ಷದ ಚುನಾವಣೆಯುದ್ದಕ್ಕೂ ಗೃಹಸ್ಥಧರ್ಮದ ಉಪದೇಶವೋ ಉಪದೇಶ. ಈ ಗದ್ದಲದ ಮರುವರ್ಷವೇ ಪಾಲ್ ರಡ್ನಿಕ್ ಬರೆದ ಈ ಚಿತ್ರ ಬಂದದ್ದು. ಉಪಾಧ್ಯಕ್ಷ ಬಯಸಿದ ಮಾದರಿ ಸಂಸಾರ ಇಡೀ ದೇಶದಲ್ಲಿ ಎಲ್ಲಿಯಾದರೂ ಇದ್ದರೆ ಅದು ಈ ಸ್ಮಶಾನದ ಪಕ್ಕದ ಪಾಳುಮನೆಯಲ್ಲಿಯೇ ಎಂಬುದು ಅದರ ನಿವೇದನೆ. ಅಗ್ನಿಸಾಕ್ಷಿಯಾಗಿ ಅಲ್ಲದಿದ್ದರೂ ವಿಧಿವತ್ತಾಗಿ ಕೈಹಿಡಿದ ದಂಪತಿಗಳು; ಇಷ್ಟು ವರ್ಷಗಳ ಮೇಲೂ ಹೆಂಡತಿ ಫ್ರೆಂಚ್ ಮಾತಾಡಿದರೆ ತೋಳುದ್ದಕ್ಕೂ ಮುತ್ತಿಡುವ ಗಂಡ; ಮೂರು ಮಕ್ಕಳು; ಮನೆಯಲ್ಲೇ ಮುದುಕಿ, ಮನೆಯಲ್ಲೇ ಗಂಡನ ಅಣ್ಣ, ತಲೆ ತೊಲೆಗೆ ತಾಗುವಷ್ಟು ಎತ್ತರದ ಸ್ವಾಮಿನಿಷ್ಠ ಆಳು, ಹೇಳಿದ ಕೆಲಸಕ್ಕೆ ಓಡಿ ಬರುವ ಒಂಟಿ ಕೈ.

ನನ್ನ ಗುಟ್ಟನ್ನು ಬಯಲು ಮಾಡಿದವರು ನಮ್ಮ ಸೋದರತ್ತೆ. ನಡುರಾತ್ರಿಯಲ್ಲಿ ನೀರು ಕುಡಿಯಲೆಂದು ಎದ್ದುಬಂದ ಆ ವೃದ್ಧೆ, ಕತ್ತಲಲ್ಲಿ ಬಾಯಿಗೆ ಬಟ್ಟೆಯೊತ್ತಿಕೊಂಡು ಭುಜ ಕುಣಿಸುತ್ತಿರುವ ಸೋದರಳಿಯನನ್ನು ಕಂಡು, ಸಾಲಗೀಲ ಮಾಡಿಕೊಂಡು ಅಳುತ್ತಿದ್ದಾನೆಂದು ತಿಳಿದು ಬೆನ್ನು ಸವರಿದರು. ಆಮೇಲೆ ತೆರೆಯ ಕಡೆಗೆ ತಿರುಗಿದರು. ಆಮೇಲೆ ಕುಳಿತರು. ಇಂಗ್ಲಿಷಿನ ಗಂಧವಿಲ್ಲದ ಅವರಿಗೆ ಯಾವುದನ್ನು ಹೇಗೆ ವಿವರಿಸಲಿ ಎಂದು ನಾನು ತಡವರಿಸುತ್ತಿದ್ದರೆ, ಅವರು ಕೈಯೆತ್ತಿ ಸುಮ್ಮನಿರಿಸಿದರು. ಶವಪೆಟ್ಟಿಗೆಗಳಾಗಲಿ, ಮುಂಡವಿಲ್ಲದೆ ಓಡಾಡುವ ಕೈಯಾಗಲಿ, ಕೂದಲ ರಾಶಿಯೇ ಆದ ನೆಂಟನಾಗಲಿ ಅವರನ್ನು ಕಿಂಚಿತ್ತೂ ಬಾಧಿಸಲಿಲ್ಲ. ದೊಡ್ಡ ಮನೆಗಳಲ್ಲಿ ಎಂತೆಂಥವರೋ ಇರುತ್ತಾರೆಂಬುದು ಅವರ ಅನುಭವ. ಅವರಿಗೆ ತೋರಿದ ಒಂದೇ ಅಸಂಗತಿಯೆಂದರೆ ಮನೆಯೊಡತಿ ಮಾರ್ಟಿಶಿಯಾ ಎಲ್ಲಿ ನಿಂತರೂ ಅವಳ ಕಣ್ಣಿನ ನೇರಕ್ಕೆ ಮಾತ್ರ ಒಂದು ಪಟ್ಟಿ ಬೆಳಕು ಬಿದ್ದಿರುವುದು. “ಅವಳಿಗೆ ಮಾತ್ರ ಬೇರೆ ದೀಪ ಹಿಡಿದಿದಾರಲ್ಲೋ,” ಎಂದರು. ಆಂಜೆಲಿಕಾ ಹ್ಯೂಸ್ಟನ್ನಳ ಮುಖಕ್ಕಾಗಿ ಛಾಯಾಗ್ರಾಹಕ ಪ್ರತ್ಯೇಕವಾಗಿ ಏರ್ಪಡಿಸುತ್ತಿದ್ದ ಆ ಬೆಳಕನ್ನು ನಾನು ಪುಸ್ತಕ ಓದಿ ತಿಳಿದವನು. ಅತ್ತೆ ನೋಡಿ ತಿಳಿದರು.

ಕಥೆಯನ್ನಂತೂ ಅವರು ನನಗಿಂತ ಬೇಗ ಹಿಡಿದರು. ಮೀಸೆಯ ಕೂಸನ್ನು ಅದರ ಅಕ್ಕ ಅಣ್ಣಂದಿರಿಂದ ಕಾಪಾಡಲು ಡೆಬ್ಬಿ ಎಂಬ ದಾದಿಯೊಬ್ಬಳು ಬರುತ್ತಾಳೆ. ಸಿರಿವಂತ ಬ್ರಹ್ಮಚಾರಿಗಳನ್ನು ಮದುವೆಯಾಗಿ, ಕೊಂದು, ಆಸ್ತಿಯೊಡನೆ ಕಣ್ಮರೆಯಾಗುವುದು ಅವಳ ವೃತ್ತಿ. ಆ ಪಾತ್ರ ವಹಿಸಿದ ಜೋನ್ ಕ್ಯೂಸ್ಯಾಕ್ ಇನ್ನೂ ಬಾಗಿಲಲ್ಲಿ ನಿಂತು ಹಲ್ಲು ಬಿಡುತ್ತಿದ್ದಾಗಲೇ ಅತ್ತೆ, “ಇವಳು ಮನೆ ಒಡೆಯೋಕೆ ಬಂದಿದಾಳೆ, ಬರಕೊಂಡಿಟ್ಟುಕೊ,” ಎಂದರು. ಗಂಡನ ಅಣ್ಣನಾದ ಬೋಳುತಲೆಯ ಫೆಸ್ಟರನನ್ನು ಅವಳು ಮರುಳು ಮಾಡಿದಾಗ, “ಅಣ್ಣನಿಗೆ ಮದುವೆ ಮಾಡದೆ ತಮ್ಮ ಮೂರು ಮಕ್ಕಳು ಮಾಡಿಕೊಂಡರೆ ಇನ್ನೇನಾಗುತ್ತೆ,” ಎಂದು ಮೂಲಕಾರಣವನ್ನೇ ತೋರಿಸಿಕೊಟ್ಟರು. ಮದುವೆಯಾದ ಮೇಲೆ ಅವಳು ಗಂಡನನ್ನು ಬೇರೆಮನೆಗೆ ಕರೆದೊಯ್ದು, ನೋಡಲು ಬಂದ ಒಡಹುಟ್ಟಿದವನನ್ನು ಹೊರಗಟ್ಟಿಸಿದಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ಇಷ್ಟು ಕಾಲ ವಿಡಂಬನೆ, ವಿಪರ್ಯಾಸ, ಕಪ್ಪುಹಾಸ್ಯ ಎಂದೆಲ್ಲ ಹೆಸರಿಟ್ಟು ಆನಂದಿಸುತ್ತಿದ್ದುದು, ನಮ್ಮ ಕಡೆಯ ಪ್ರತಿಯೊಂದು ಸಾಂಸಾರಿಕ ಚಿತ್ರದಲ್ಲಿಯೂ ನಡೆಯುತ್ತ ಬಂದಿರುವ ಕಥೆಯನ್ನೇ. ಬಂದ ಸೊಸೆ, ಒಡೆದ ಮನೆ. ಹೊಸ ಮನೆಯ ವಿಷಯದಲ್ಲಿಯೂ ಹಾಗೆಯೇ: ಡೆಬ್ಬಿ ಫೆಸ್ಟರನನ್ನು ಮೋಹದಲ್ಲಿ ಕೆಡವಿದ್ದನ್ನೂ ಬಂಧುಗಳಿಂದ ಅಗಲಿಸಿದ್ದನ್ನೂ ಮಾರ್ಟಿಶಿಯಾ ದೊಡ್ಡ ಮನಸ್ಸಿನಿಂದ ಮನ್ನಿಸಿಬಿಡುತ್ತಾಳೆ, ಆ ಮನೆಗೆ ಬಳಿದ ಎಳೆಗುಲಾಬಿ ತಿಳಿಹಳದಿಗಳನ್ನು ಮಾತ್ರ ಮನ್ನಿಸಲಾರಳು. ಸೊಸೆಯ ಗೋಡೆಬಣ್ಣವನ್ನು ಮೆಚ್ಚಿದ ಓರಗಿತ್ತಿ ಎಲ್ಲಿದ್ದಾಳೆ? ಬಾಂಡನ ವೈರಿಗಳಿಗೆ ಬಿಲಗಳನ್ನು ಕಟ್ಟಿಕೊಟ್ಟ ಕೆನ್ ಆಡಮ್ ಈ ಚಿತ್ರದ ಮನೆಗಳನ್ನು ವಿನ್ಯಾಸಮಾಡಿ ಆಸ್ಕರ್ ಪಟ್ಟಿಯಲ್ಲಿ ಹೆಸರು ಬರಿಸಿಕೊಂಡದ್ದು ಸುಮ್ಮನೆಯಲ್ಲ.

ಈಗ ನಗೆಯ ವಿಚಾರ. ಇದನ್ನು ಬರೆಯಲೆಂದೇ ಕುಳಿತವನು ನಾನು, ಉಳಿದುದೆಲ್ಲ ಪೀಠಿಕೆ.

ಸಂಶಯಗ್ರಸ್ತಳಾದ ಹಿರಿಯ ಹುಡುಗಿ ವೆನ್ಸ್‌ಡೇಯನ್ನು ದೂರಮಾಡಲು ಡೆಬ್ಬಿ ಅವಳನ್ನೂ ಪಗ್ಸ್‌ಲೀಯನ್ನೂ ಶ್ರೀಮಂತರ ಮಕ್ಕಳ ಬೇಸಗೆ ಶಿಬಿರಕ್ಕೆ ಸಾಗಹಾಕುತ್ತಾಳೆ. ಅಲ್ಲಿ ಎಲ್ಲರೂ ಸದಾ ಹರ್ಷಚಿತ್ತರಾಗಿರತಕ್ಕದ್ದೆಂದು ಕಟ್ಟಳೆ. ಹರ್ಷಿಸಲೊಲ್ಲದವರಿಗೆ ಹಾರ್ಮನಿ ಹಟ್ ಎಂಬ ಗುಡಿಸಲಿನ ಸೆರೆವಾಸ; ಮನಸ್ಸು ಹದವಾಗುವ ತನಕ ಸೌಮ್ಯವಾದ ಮಕ್ಕಳ ಚಿತ್ರಗಳನ್ನು ತೋರಿಸುತ್ತಲೇ ಇರುತ್ತಾರೆ. ವೆನ್ಸ್‌ಡೇ, ಅವಳ ತಮ್ಮ, ಜೋಯಲ್ ಎಂಬ ಬಡಪಾಯಿ ಗೆಳೆಯ, ಮೂವರೂ ಆ ಶಿಕ್ಷೆಯನ್ನು ಅನುಭವಿಸಿ ಹೊರಬರುತ್ತಾರೆ. ಶಿಬಿರವೆಲ್ಲ ನೆರೆದಿದೆ. ತಾನು ಸುಧಾರಿಸಿದೆನೆಂದು ಹುಡುಗಿ ರುಜುವಾತು ಮಾಡಬೇಕು, ಅಂದರೆ ನಗಬೇಕು.

ಮೊದಲು ಏನೂ ಆಗುವುದಿಲ್ಲ. ಹುಡುಗಿಯ ಪಾತ್ರ ವಹಿಸಿದ ಕ್ರಿಸ್ಟೀನಾ ರಿಚಿಯ ಆ ಬಿಳಿಚಿದ ಅಂಡಾಕಾರದ ಮುಖ, ಎರಡು ಜಡೆಗಳ ನಡುವೆ ಮುದ್ರೆಯೊತ್ತಿದ ದಸ್ತಾವೇಜಿನಂತೆ ನಿಶ್ಚಲವಾಗಿ ನಿಂತಿದೆ. ಬಳಿಕ ತುಟಿಯ ಒಂದು ಕೊನೆ ಸೂಕ್ಷ್ಮವಾಗಿ ಅದುರುತ್ತದೆ. ಅದುರಿ, ತಾನು ಮಾಡಿದ್ದಕ್ಕೆ ತಾನೇ ಬೆಚ್ಚಿ, ಹಿಂದೆಗೆಯುತ್ತದೆ. ಎಂದೂ ಆ ದಾರಿಯಲ್ಲಿ ನಡೆದರಿಯದ ಸ್ನಾಯುಗಳಿಗೆ ಆಜ್ಞೆ ಹೋಗಿದೆ. ಅವು ಒಂದನ್ನೊಂದು ಕೇಳಿಕೊಳ್ಳುತ್ತಿವೆ. ತುಟಿಗಳು ತುಸುವೇ ತುಸುವಾಗಿ ಅಗಲವಾಗುತ್ತವೆ, ಮೇಲೇಳುತ್ತವೆ, ಮತ್ತೆ ಸೋತು ಇಳಿಯುತ್ತವೆ, ಮತ್ತೆ ಏಳುತ್ತವೆ. ಕಣ್ಣುಗಳಿಗೆ ಮಾತ್ರ ಈ ವ್ಯವಹಾರದ ಸುದ್ದಿಯೇ ತಲಪಿಲ್ಲ; ಅವು ಎಂದಿನಂತೆ ಎದುರಿಗಿದ್ದವರ ಆಯುಷ್ಯವನ್ನು ಲೆಕ್ಕಹಾಕುತ್ತಿವೆ. ದೇವತೆಗಳೂ ದಾನವರೂ ಎರಡು ಕಡೆಯಿಂದ ಹಗ್ಗ ಜಗ್ಗಿದಾಗ ಕ್ಷೀರಸಮುದ್ರ ಪಟ್ಟ ಪಾಡನ್ನು ಆ ಕೆನ್ನೆಗಳು ಪಡುತ್ತವೆ. ಕಟ್ಟಕಡೆಗೆ ಹಲ್ಲು ಕಾಣಿಸುತ್ತದೆ. ನಗೆ ಪೂರ್ಣವಾಯಿತು; ನೆರೆದ ಮಕ್ಕಳು ನಡುಗಿದರು. ಅಮೃತವನ್ನು ನಿರೀಕ್ಷಿಸಿ ಕುಳಿತವರ ಎದುರಿಗೆ ಹಾಲಾಹಲ ಬಂದು ನಿಂತ ಹಾಗಾಯಿತು. ಇಷ್ಟೆಲ್ಲ ನಡೆಯಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಹದಿಮೂರು ವಯಸ್ಸಿನ ಹುಡುಗಿ. ಎಪ್ಪತ್ತರ ನಟರು ಕೂಡ ಮುಖದಲ್ಲಿ ಇಷ್ಟು ಇತಿಹಾಸವನ್ನು ನಡೆಯಿಸಲಾರರು.

ನಾನು ಈ ಭಾಗವನ್ನು ನಿಲ್ಲಿಸಿ, ಹಿಂದಕ್ಕೆ ಹೊರಳಿಸಿ, ಮತ್ತೆ ನೋಡುವವನು. ನೋಡಿ ಸುಮ್ಮನಿದ್ದಿದ್ದರೆ ಗೃಹಸ್ಥನಾಗಿಯೇ ಉಳಿಯುತ್ತಿದ್ದೆ. ಕ್ಷೌರದ ಕನ್ನಡಿಯ ಮುಂದೆ, ಅರ್ಧ ಮುಖದಲ್ಲಿ ಸಾಬೂನಿನ ನೊರೆಯಿಟ್ಟುಕೊಂಡು, ಇನ್ನರ್ಧದಲ್ಲಿ ಆ ನಗೆಯನ್ನು ಸಾಧಿಸಹೊರಟೆ. ಇದರಲ್ಲಿ ತಾಂತ್ರಿಕವಾದ ತೊಡಕೆಂದರೆ ಕಣ್ಣು. ತುಟಿ ಎದ್ದೊಡನೆ ಕಣ್ಣೂ ಏಳುತ್ತದೆ. ಕಣ್ಣನ್ನು ಹಿಡಿದರೆ ಕಿವಿ ಅಲುಗುತ್ತದೆ. ಕಿವಿಯನ್ನು ಅಂಕೆಯಲ್ಲಿಟ್ಟರೆ ಮೂಗಿನ ಹೊಳ್ಳೆ ಸ್ವತಂತ್ರವಾಗಿಬಿಡುತ್ತದೆ. ಸಿದ್ಧಿಸಿದ ದಿನ ನನಗಾದ ಉಲ್ಲಾಸ ವರ್ಣನಾತೀತ. ಕಾಫಿ ತಂದ ಮನೆಯಾಕೆ ಬಾಗಿಲಲ್ಲಿಯೇ ನಿಂತು, ಹಲ್ಲುನೋವೇ ಎಂದು ಕೇಳಿ, ಲವಂಗದೆಣ್ಣೆ ತರಲು ಒಳಗೆ ಹೋದಳು.

ವಿದ್ಯೆಯನ್ನು ಪ್ರಯೋಗಿಸಲು ಸ್ಥಳವೂ ಒದಗಿತು. ನಮ್ಮ ಕಾಲದ ಅತ್ಯಂತ ದೊಡ್ಡ ಹಿಂಸೆ ಯಾವುದೆಂದು ಕೇಳಿದರೆ, ಮದುವೆಮನೆಯ ವೇದಿಕೆಯೆಂದೇ ನಾನು ಹೇಳುವೆನು. ಉಡುಗೊರೆಯನ್ನು ಕೈಲಿ ಹಿಡಿದು, ಸಾಲಿನಲ್ಲಿ ಬೆವೆತು, ಮೇಲೆ ಹತ್ತಿದೊಡನೆ ಕಣ್ಣುಕುಕ್ಕುವ ದೀಪದ ಹಿಂದಿನಿಂದ ಯಾರೋ ಅಪರಿಚಿತನೊಬ್ಬ “ಸ್ವಲ್ಪ ನಗಿ ಸಾರ್” ಎಂದು ಅಪ್ಪಣೆಮಾಡುತ್ತಾನೆ. ಏಕೆ ನಗಬೇಕು? ಮದುವೆ ನನ್ನದೇ? ಊಟವಾದರೂ ಆಗಿದೆಯೇ? ಮುಂಜಾನೆ ಉದ್ಯಾನಕ್ಕೆ ಹೋದರೆ ಅಲ್ಲಿ ನಗೆಕೂಟದವರು ಕೈಗಳನ್ನು ಆಕಾಶಕ್ಕೆತ್ತಿ, ಯಾವ ಕಾರಣವೂ ಇಲ್ಲದೆ, ಹೊಟ್ಟೆಯಿಂದ ಹಹ್ಹಹ್ಹಾ ಎಂದು ಅಬ್ಬರಿಸುತ್ತಿರುತ್ತಾರೆ. ಮರದ ಹಕ್ಕಿಗಳು ಹಾರಿಹೋಗುತ್ತವೆ. ದೂರ ನಿಂತವನನ್ನು ಕಂಡರೆ ಬನ್ನಿ ಬನ್ನಿ ಎಂದು ಕರೆಯುತ್ತಾರೆ. ಲೋಕವೆಲ್ಲ ಒಂದು ಹಾರ್ಮನಿ ಹಟ್ ಆಗಿ, ಸಹಜವಾಗಿ ಜೋಲುಮುಖದವರಿಗೆ ನಿಲ್ಲಲು ನೆಲೆಯಿಲ್ಲವಾಗಿದೆ. ಆಡಮ್ಸರ ಮನೆಯಲ್ಲಿ ಹುಡುಗಿಯೊಬ್ಬಳು ಹುಟ್ಟಿದಾರಭ್ಯ ನಕ್ಕಿಲ್ಲ. ಅಪ್ಪನಾಗಲಿ ಅಮ್ಮನಾಗಲಿ ಒಂದು ದಿನವೂ “ಮುಖ ಯಾಕೆ ಹಾಗೆ” ಎಂದಿಲ್ಲ. ಇಂಥ ಮನೆ ಎಷ್ಟಿದ್ದಾವು?

ಆದ್ದರಿಂದ ನಾನು ನಕ್ಕೆ. ತುಟಿ ಅದುರಿಸಿ, ಹಿಂದೆಗೆದು, ಮತ್ತೆ ಎಬ್ಬಿಸಿ, ಹಲ್ಲು ಬಿಚ್ಚಿ, ಕಣ್ಣುಗಳನ್ನು ಶವಶೀತಲವಾಗಿರಿಸಿ, ಕ್ರಮಕ್ರಮವಾಗಿ, ಯಾವ ಹಂತವನ್ನೂ ಬಿಡದೆ ನಕ್ಕೆ. ಛಾಯಾಗ್ರಾಹಕ ಯಂತ್ರದಿಂದ ಕಣ್ಣು ತೆಗೆದು ನನ್ನನ್ನು ನೇರವಾಗಿ ನೋಡಿದ. ವಧು ವರನ ತೋಳನ್ನು ಹಿಡಿದುಕೊಂಡಳು. “ಬೇಡ ಸಾರ್, ಮೊದಲಿದ್ದ ಹಾಗೇ ಇರಲಿ,” ಎಂದು ಆತ ನುಡಿದ ಆ ಒಂದು ವಾಕ್ಯವನ್ನು ನಾನು ಪ್ರಶಸ್ತಿಪತ್ರವೆಂದು ಬಗೆದು ಕೆಳಗಿಳಿದೆ. ಸೋದರತ್ತೆ ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆಲ್ಲ ಮೂಲಕಾರಣವನ್ನು ತಿಳಿಸುತ್ತಿದ್ದರು.

ನಗೆಯ ಬಳಿಕ ವೆನ್ಸ್‌ಡೇ, ತಾನು ಮೊದಲು ಒಲ್ಲೆನೆಂದಿದ್ದ ಶಿಬಿರದ ನಾಟಕದಲ್ಲಿ ಪೊಕಹಾಂಟಸ್ ಎಂಬ ಮೂಲನಿವಾಸಿ ಹೆಣ್ಣಿನ ಪಾತ್ರ ವಹಿಸಲು ಒಪ್ಪುತ್ತಾಳೆ. ನವೆಂಬರಿನ ನಾಲ್ಕನೆಯ ಗುರುವಾರದ ಕೃತಜ್ಞತಾ ಹಬ್ಬವನ್ನು ನಡುಬೇಸಗೆಯಲ್ಲಿ ಆಡುವ ಸಂಭ್ರಮ ಅದು. ವರ್ಜೀನಿಯದ ಪೊಕಹಾಂಟಸಳನ್ನು, ಅವಳು 1617ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ ಮೇಲೆ 1621ರಲ್ಲಿ ಪ್ಲಿಮತ್ತಿನಲ್ಲಿ ನಡೆದ ಔತಣಕ್ಕೆ ತಂದು ಕೂರಿಸಿರುತ್ತಾರೆ. ಹೊಂಗೂದಲಿನ ಅಮಾಂಡಾ ಬಿಳಿಯರ ನಾಯಿಕೆ. ಕನ್ನಡಕದವರು, ಕಪ್ಪಗಿನವರು, ಊರುಗೋಲಿನವರು, ಹೀಗೆ ಶಿಬಿರಕ್ಕೆ ಬೇಡವಾದವರೆಲ್ಲ ಮೂಲನಿವಾಸಿಗಳು. ಪಗ್ಸ್‌ಲೀ ಟರ್ಕಿಕೋಳಿ. ಶಾಲೆಯ ನಾಟಕದಲ್ಲಿ ಉದ್ದಕ್ಕೂ ಮರವಾಗಿ ನಿಂತಿದ್ದ ನನಗೆ ಈ ಪಾತ್ರಹಂಚಿಕೆಯ ರಹಸ್ಯವನ್ನು ಯಾರೂ ಬಿಡಿಸಿ ಹೇಳಬೇಕಾದುದಿಲ್ಲ. ಊಟಕ್ಕೆ ಕುಳಿತವಳಂತೆ ನಟಿಸುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬರೆದುಕೊಟ್ಟ ಮಾತನ್ನು ಬಿಟ್ಟು, ನೀವು ನಮ್ಮ ನೆಲವನ್ನು ಕಸಿಯುವಿರಿ, ನನ್ನ ಜನ ದಾರಿಬದಿಯಲ್ಲಿ ಕೈಬಳೆ ಮಾರಿ ಬದುಕಬೇಕಾಗುತ್ತದೆ ಎಂಬರ್ಥದ ನಾಲ್ಕು ಮಾತನ್ನು, ದನಿಯೇರಿಸದೆ, ಆಡುತ್ತಾಳೆ. ಎಷ್ಟು ಸಲ ನೋಡಿದರೂ ಇಲ್ಲಿ ನನಗೆ ಅಂಗವಸ್ತ್ರ ಬೇಕಾಗುವುದಿಲ್ಲ. ಆ ಶಿಬಿರದ ಹೆಸರು ಚಿಪ್ಪೆವಾ. ನೆಲ ಕಳೆದುಕೊಂಡ ಜನಾಂಗವೊಂದರ ಹೆಸರನ್ನೇ ಸಿರಿವಂತರ ಮಕ್ಕಳ ಆಟದ ಬಯಲಿಗೆ ಇಟ್ಟಿದ್ದಾರೆ, ಮತ್ತು ಅದು ಚಿತ್ರದವರು ಕಟ್ಟಿದ ಉತ್ಪ್ರೇಕ್ಷೆಯಲ್ಲ. ಅಂಥ ಹೆಸರಿನ ಶಿಬಿರಗಳು ಆ ದೇಶದಲ್ಲಿ ನಿಜವಾಗಿಯೂ ಇವೆ. ಅನಂತರ ಬೆಂಕಿ ಬೀಳುತ್ತದೆ, ಎಲ್ಲವೂ ಉರಿಯುತ್ತದೆ, ಮತ್ತೆ ನಗುತ್ತೇನೆ.

ಗಂಡ ಹೆಂಡಿರು ಭೋಜನಶಾಲೆಯಲ್ಲಿ ಟ್ಯಾಂಗೋ ಕುಣಿಯುವ ಭಾಗದಲ್ಲಿ ಕೂಡ ಹಾಗೆಯೇ ಒಂದು ಗಳಿಗೆ ನಗೆ ನಿಲ್ಲುತ್ತದೆ. ಗೋಮೆಜ್ ಆಗಿ ಕುಣಿದ ರಾವುಲ್ ಹುಲಿಯಾ, ಪೋರ್ಟೊರಿಕೋದಿಂದ ಬಂದು ನ್ಯೂಯಾರ್ಕಿನ ರಂಗಭೂಮಿಯಲ್ಲಿ ಶೇಕ್ಸ್‌ಪಿಯರನ ಪಾತ್ರಗಳನ್ನು ಧರಿಸಿದ ದೊಡ್ಡ ನಟ, ಈ ಚಿತ್ರ ತೆರೆಕಂಡು ವರ್ಷ ತುಂಬುವುದರೊಳಗೆ, 1994ರ ಅಕ್ಟೋಬರ್ 24ರಂದು ತೀರಿಹೋದ. ಐವತ್ತನಾಲ್ಕು ವಯಸ್ಸು. ಸಾವನ್ನು ಹೂವಿನಂತೆ ಮುಡಿಯುವ ಮನೆಯ ಯಜಮಾನನ ಪಾತ್ರ ವಹಿಸಿದವನ ಸಾವಿನಲ್ಲಿ ಮಾತ್ರ ಯಾವ ಹಾಸ್ಯವೂ ನನಗೆ ಕಾಣಲಿಲ್ಲ.

ಕಡೆಯ ಭಾಗಕ್ಕೆ ಬರುವಷ್ಟರಲ್ಲಿ ಅತ್ತೆಯ ವ್ಯಾಖ್ಯಾನ ಉಚ್ಛ್ರಾಯಸ್ಥಿತಿಯನ್ನು ತಲಪಿತ್ತು. ಮನೆಯ ದುಃಖದಿಂದ ಕೂಸು ರೋಗಕ್ಕೆ ಬೀಳುತ್ತದೆ. ರೋಗದ ಲಕ್ಷಣವೆಂದರೆ ಮೀಸೆ ಮಾಯವಾಗಿ, ಕೆನ್ನೆ ಕೆಂಪೇರಿ, ತಲೆತುಂಬ ಹೊನ್ನಿನ ಗುಂಗುರು ಮೂಡುವುದು. ಈ ಭೀಕರದೃಶ್ಯವನ್ನು ಕಂಡು ತಾಯಿತಂದೆಗಳು ಗೋಳಾಡುತ್ತಾರೆ. “ಈಗ ಲಕ್ಷಣವಾಗಿದೆಯಲ್ಲೋ ಕೂಸು,” ಎಂದ ಅತ್ತೆ, ತಾಯಿಯ ಮುಖ ನೋಡಿ ತಕ್ಷಣವೇ ತಿದ್ದಿಕೊಂಡರು: “ಅಯ್ಯೋ, ದೃಷ್ಟಿಯಾಗಿದೆ. ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕೋರು ಯಾರೂ ಇಲ್ಲವೇ ಆ ಮನೇಲಿ?” ಡೆಬ್ಬಿ ಮನೆಯವರನ್ನೆಲ್ಲ ವಿದ್ಯುತ್ ಕುರ್ಚಿಗಳಿಗೆ ಬಿಗಿದು, ಬಾಲ್ಯದಲ್ಲಿ ತಾನು ಕೇಳಿದ ನರ್ತಕಿ ಬಾರ್ಬಿಯ ಬದಲು ತಂದೆತಾಯಿಗಳು ಬೇರೆ ಬಾರ್ಬಿ ತಂದುದರಿಂದ ಅವರನ್ನು ಸುಟ್ಟುಬಿಡಬೇಕಾಯಿತೆಂದು ಸ್ಲೈಡುಗಳ ಸಮೇತ ನಿರೂಪಿಸುತ್ತಿದ್ದರೆ, ಸಾಯಲು ಕುಳಿತ ಆಡಮ್ಸರು ಮನಃಪೂರ್ವಕವಾಗಿ ಮರುಗುತ್ತಾರೆ. ಇದು ಅತ್ತೆಗೆ ಬಲು ಮೆಚ್ಚಾಯಿತು. ಮನೆಗೆ ಬಂದವರು ಕಷ್ಟ ಹೇಳಿಕೊಂಡರೆ ನಡುವೆ ಬಾಯಿ ಹಾಕದೆ ಕೇಳಬೇಕೆಂಬ ಶಿಷ್ಟಾಚಾರ ಈಗ ಎಲ್ಲಿ ಉಳಿದಿದೆ ಎಂದರು. ಕೂಸು ತಂತಿಗಳನ್ನು ಅದಲುಬದಲು ಮಾಡಿ, ಡೆಬ್ಬಿ ಬೂದಿಯೂ ಕ್ರೆಡಿಟ್ ಕಾರ್ಡುಗಳೂ ಆಗಿ ಉಳಿದಾಗ ಕೈಮುಗಿದರು. ಕೂಸಿನ ಹುಟ್ಟುಹಬ್ಬಕ್ಕೆ ಡಿಮೆನ್ಷಿಯಾ ಎಂಬ ಇನ್ನೊಬ್ಬ ದಾದಿ, ಫೆಸ್ಟರನಷ್ಟೇ ಬೋಳುತಲೆಯವಳು, ಬಂದು ಅವನ ಕಣ್ಣಿಗೆ ಬಿದ್ದುದನ್ನು ಕಂಡು, “ಇದು ಕೂಡಿಬರುತ್ತೆ. ಎಣ್ಣೆ ಸೀಗೆಕಾಯಿ ಖರ್ಚೂ ಇಲ್ಲ,” ಎಂದು ಮೆಚ್ಚಿ, ಮದುವೆ ಯಾವ ಭಾಗದಲ್ಲಿದೆ ಎಂದು ವಿಚಾರಿಸಿದರು.

1998ರಲ್ಲಿ ಮೂರನೆಯದೊಂದು ಬಂದದ್ದು ಉಂಟು, ಚಿತ್ರಮಂದಿರಗಳಿಗಲ್ಲ, ನೇರವಾಗಿ ವಿಡಿಯೊ ಅಂಗಡಿಗೆ. ಅವರ ಬಲವಂತಕ್ಕೆ ಅದನ್ನೂ ಹಚ್ಚಿದೆ. ಗೋಮೆಜ್ ಆಗಿ ಟಿಮ್ ಕರಿ, ಮಾರ್ಟಿಶಿಯಾ ಆಗಿ ಡ್ಯಾರಿಲ್ ಹ್ಯಾನಾ; ಹಳಬರ ಪೈಕಿ ಉಳಿದವರೆಂದರೆ ಎತ್ತರದ ಆಳೂ ಒಂಟಿ ಕೈಯೂ. ಅತ್ತೆ ಸ್ವಲ್ಪ ಹೊತ್ತು ಕಣ್ಣು ಕಿರಿದುಮಾಡಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, ಸೆರಗನ್ನು ಸರಿಮಾಡಿಕೊಂಡು, “ಆಳು ಅದೇ, ಕೈ ಅದೇ, ಯಜಮಾನ ಬೇರೆ, ಯಜಮಾನಿ ಬೇರೆ. ಯಾರದೋ ಮನೆಗೆ ಬಂದು ಕೂತಿದೀವಿ ಕಣೋ. ಆರಿಸು, ಆರಿಸು,” ಎಂದರು.